ಅಕಾಲದಲ್ಲಿ ಅರಳಿಸಿದ ಹೂವು

ಋತು ಬರುವುದಕ್ಕೆ ಮೊದಲೇ ಒಂದು ಹೂವನ್ನು ಅರಳಿಸಿಕೊಳ್ಳುವುದು ನ್ಯಾಯವೇ? ಮೊದಲ ನೋಟಕ್ಕೆ ಈ ಪ್ರಶ್ನೆಯು ಅಲ್ಪವಾದುದೆಂದು ತೋರಬಹುದು. ಹೂವಿಗೆ ನ್ಯಾಯವೇನು, ಅನ್ಯಾಯವೇನು ಎಂದು ವಾಚಕರು ನಗಲೂಬಹುದು. ಆದರೆ ಮಕ್ಕಳ ನಡುವೆ ದಿನ ಕಳೆಯುವ ನಮಗೆ ಈ ಪ್ರಶ್ನೆ ದೂರದ್ದಲ್ಲ. ಕಾರಣ, ಇದನ್ನು ಕೊಂಚ ವಿಚಾರಿಸಿ ನೋಡೋಣ.

ನಮ್ಮ ಸೀಮೆಯಲ್ಲಿ ಚಳಿಗಾಲವೆಂದರೆ ಹೂವಿನ ಕಾಲವೇ. ದೀಪಾವಳಿಗೆ ಚೆಂಡುಹೂವು ರಾಶಿ ಬೀಳುತ್ತದೆ. ಅದರ ಬೆನ್ನಿಗೆ ಸೇವಂತಿಗೆ ಬರುತ್ತದೆ. ಆದುದರಿಂದ ಹೂವೇ ಇಲ್ಲದ ಚಳಿಗಾಲ ಹೇಗಿರುವುದೆಂಬುದು ನಮ್ಮ ವಿದ್ಯಾರ್ಥಿಗಳ ಕಲ್ಪನೆಗೆ ಸುಲಭವಾಗಿ ನಿಲುಕಲಾರದು. ಯುರೋಪಿನ ಉತ್ತರ ಭಾಗದ ಮಾತು ಬೇರೆ. ಹಾಲೆಂಡಿನ ಆಂಸ್ಟರ್‌ಡಾಂ ನಗರದಲ್ಲಿ ಡಿಸೆಂಬರ್ ತಿಂಗಳ ಉತ್ತರಾರ್ಧದಲ್ಲಿ ಹಗಲು ಎಂಟು ಗಂಟೆಗಳಷ್ಟೂ ಇರುವುದಿಲ್ಲ. ಮರಗಳು ಬೋಳಾಗಿರುತ್ತವೆ, ನೆಲ ಹೆಪ್ಪುಗಟ್ಟುತ್ತದೆ, ಸೂರ್ಯನು ಕಂಡರೂ ಕಾಣದಂತಿರುತ್ತಾನೆ. ಇಂತಹ ದೇಶಗಳ ಜನರು ತಮ್ಮ ಮನೆಯ ಕಿಟಕಿಯೊಳಗೆ ಹೂಬಿಡುವ ಗಡ್ಡೆಗಳನ್ನಿಟ್ಟು, ಹೊರಗೆ ವಸಂತವು ಬರುವ ಮೊದಲೇ ಒಳಗೆ ಹೂವನ್ನು ಕಾಣುವ ವಿದ್ಯೆಯನ್ನು ಬಹುಕಾಲದಿಂದ ರೂಢಿಸಿಕೊಂಡಿದ್ದಾರೆ. ಈ ಬಯಕೆ ಅವರೊಬ್ಬರದೇ ಅಲ್ಲ. ಚೀನ ದೇಶದವರು ತಮ್ಮ ಹೊಸ ವರ್ಷದ ಹಬ್ಬಕ್ಕೆ ಸರಿಯಾಗಿ ಅರಳುವಂತೆ ನಾರ್ಸಿಸಸ್ ಗಡ್ಡೆಯನ್ನು ನೀರು ಮತ್ತು ಬೆಣಚುಕಲ್ಲುಗಳ ತಟ್ಟೆಯಲ್ಲಿ ಬೆಳೆಸುತ್ತಾರೆ. ಇರಾನಿನವರ ನೌರೋಜ್ ಹಬ್ಬದ ಮೇಜಿನ ಮೇಲೆ ಹಯಸಿಂತ್ ಹೂವು ಇರುವುದುಂಟು.

ಇನ್ನು ಗಡ್ಡೆಯೆಂದರೇನೆಂಬುದನ್ನು ನೋಡೋಣ. ಇದಕ್ಕೆ ಹಾಲೆಂಡಿಗೆ ಹೋಗಬೇಕಾಗಿಲ್ಲ. ಒಂದು ಉಳ್ಳಾಗಡ್ಡೆಯನ್ನು ಮೇಲಿಂದ ಕೆಳಕ್ಕೆ ಸೀಳಿದರೆ ಸಾಕು. ಪದರುಪದರಾಗಿ ಇರುವುದೆಲ್ಲ ಆಹಾರವನ್ನು ತುಂಬಿಕೊಂಡ ಎಲೆಯ ಬುಡಗಳು. ಕೆಳಗಿನ ಗಟ್ಟಿಯಾದ ಬಿಲ್ಲೆಯೇ ಕಾಂಡ. ನಟ್ಟನಡುವೆ ಇರುವುದು ಮೊಳಕೆ. ಟ್ಯೂಲಿಪ್, ಹಯಸಿಂತ್, ಡ್ಯಾಫೊಡಿಲ್ ಗಡ್ಡೆಗಳ ರಚನೆಯೂ ಹೆಚ್ಚುಕಡಿಮೆ ಹೀಗೆಯೇ. ಆದರೆ ಇವುಗಳಲ್ಲಿ ಒಂದು ಸೋಜಿಗವುಂಟು. ಬರುವ ವಸಂತದಲ್ಲಿ ಅರಳಬೇಕಾದ ಹೂವು ಹಿಂದಿನ ಬೇಸಿಗೆಯಲ್ಲಿಯೇ ಗಡ್ಡೆಯ ಒಡಲೊಳಗೆ ಅತಿ ಸೂಕ್ಷ್ಮವಾಗಿ ರೂಪುಗೊಂಡಿರುತ್ತದೆ. ಆಗ ಬಿಸಿಲಿಗೆ ನಿಂತು ದುಡಿದ ಎಲೆಗಳು ಆ ಹೂವಿಗೆ ಬೇಕಾದ ಬುತ್ತಿಯನ್ನು ಕಟ್ಟಿಟ್ಟು ತಾವು ಒಣಗಿಹೋಗಿರುತ್ತವೆ.

ಒಳಗೆ ಹೂವು ಸಿದ್ಧವಾಗಿದ್ದರೂ ಅದು ಕೂಡಲೇ ಮೇಲೆ ಬರುವುದಿಲ್ಲ. ಟ್ಯೂಲಿಪ್ಪಿನ ಕುಲದ ಮೂಲ ನೆಲೆ ಮಧ್ಯ ಏಷ್ಯದ ಬೆಟ್ಟಗಳು. ಅಲ್ಲಿಯ ಚಳಿಗಾಲ ಕಠೋರವಾದುದು. ಆ ಚಳಿ ಕಳೆಯುವ ಮೊದಲೇ ತಲೆಯೆತ್ತಿದ ಮೊಳಕೆ ಬದುಕಲಾರದು. ಆದುದರಿಂದ ಸಾಕಷ್ಟು ದಿನ ಚಳಿಯನ್ನು ಉಂಡ ಮೇಲೆಯೇ ಮೇಲಕ್ಕೇಳುವುದು ಈ ಗಡ್ಡೆಯ ಸ್ವಭಾವವಾಗಿದೆ. ಟ್ಯೂಲಿಪ್ಪಿಗೆ ಸುಮಾರು ೧೪ರಿಂದ ೧೬ ವಾರ, ಹಯಸಿಂತಿಗೆ ಸುಮಾರು ೧೦ರಿಂದ ೧೪ ವಾರ, ೯ ಡಿಗ್ರಿ ಸೆಂಟಿಗ್ರೇಡಿಗೆ ಮೀರದ ತಂಪು ಬೇಕು. ಬೆಳೆಸುವವರು ಶರತ್ಕಾಲದಲ್ಲಿ ಗಡ್ಡೆಗಳನ್ನು ಕುಂಡದಲ್ಲಿ ನೆಟ್ಟು ಕತ್ತಲೆಯ ನೆಲಮಾಳಿಗೆಯಲ್ಲಿ ಇಡುತ್ತಾರೆ. ಹಯಸಿಂತಿಗಾಗಿ ಕೊರಳು ಕಿರಿದಾದ ಗಾಜಿನ ಪಾತ್ರೆಯೂ ಉಂಟು. ಗಡ್ಡೆ ಕೊರಳಿನ ಮೇಲೆ ಕುಳಿತಿರುತ್ತದೆ, ಬೇರುಗಳು ಕೆಳಗಿನ ನೀರಿಗಿಳಿಯುತ್ತವೆ. ಆ ಕತ್ತಲೆಯಲ್ಲಿ ಮೇಲೆ ಏನೂ ಕಾಣುವುದಿಲ್ಲ. ಆದರೆ ಕೆಳಗೆ ಬೇರು ತುಂಬುತ್ತಿರುತ್ತದೆ, ಒಳಗೆ ಕೂಡಿಟ್ಟ ಪಿಷ್ಟವು ಸಕ್ಕರೆಯಾಗುತ್ತಿರುತ್ತದೆ. ಮೊಳಕೆ ಎರಡು ಮೂರು ಅಂಗುಲ ಎದ್ದ ಬಳಿಕ ಮೊದಲು ಮಂದ ಬೆಳಕಿಗೆ, ಅನಂತರ ಕಿಟಕಿಗೆ ತರುತ್ತಾರೆ. ಕೆಲವು ವಾರಗಳಲ್ಲಿ ಹೂವು ಅರಳುತ್ತದೆ.

ಇಂಗ್ಲಿಷ್ ತೋಟಗಾರರು ಈ ಕೆಲಸವನ್ನು ‘ಫೋರ್ಸಿಂಗ್’, ಎಂದರೆ ಬಲವಂತಪಡಿಸುವುದು, ಎಂದು ಕರೆಯುತ್ತಾರೆ. ಹೆಸರು ಕಠಿಣವಾಗಿದೆ, ಕೆಲಸವು ಆ ಹೆಸರಿಗೆ ತಕ್ಕುದಾಗಿದೆಯೇ? ನಿಜವಾಗಿ ಬಲವಂತ ಮಾಡಿದವನಿಗೆ ಈ ಹೂವು ದಕ್ಕುವುದಿಲ್ಲ. ತಾಳ್ಮೆಗೆಟ್ಟು, ಚಳಿಯ ವಾರಗಳು ತುಂಬುವ ಮೊದಲೇ ಗಡ್ಡೆಯನ್ನು ಬೆಚ್ಚನೆಯ ಕೋಣೆಗೆ ತಂದರೆ, ಹೂವು ದಂಟಿಲ್ಲದೆ ಎಲೆಗಳ ನಡುವೆ ಗಿಡ್ಡಾಗಿ ಸಿಕ್ಕಿಕೊಳ್ಳುತ್ತದೆ. ಇಲ್ಲವೆ ಮೊಗ್ಗಿನಲ್ಲಿಯೇ ಒಣಗುತ್ತದೆ. ಚಳಿಯನ್ನು ಬೇಗ ತೊಡಗಿಸಬಹುದೇ ಹೊರತು ಬಿಟ್ಟುಬಿಡಲು ಬರುವುದಿಲ್ಲ. ಹೂವನ್ನು ಬೆಳೆಸುವವನು ಮಾಡಿದವನಲ್ಲ. ಅದನ್ನು ಮಾಡಿದುದು ಹಿಂದಿನ ವರ್ಷದ ಎಲೆ ಮತ್ತು ಬಿಸಿಲು. ಅವನು ಮಾಡಿದುದು ದಿನ ಎಣಿಸಿದ್ದು ಮಾತ್ರ. ಇಷ್ಟರಮಟ್ಟಿಗೆ ಅವನ ಕೆಲಸ ಬಲವಂತಕ್ಕಿಂತ ವಿಧೇಯತೆಗೇ ಹತ್ತಿರವಾದುದು.

ಆದರೆ ವಿಚಾರವು ಇಲ್ಲಿಗೆ ಮುಗಿಯಲಿಲ್ಲ. ಹೂವು ಬಾಡಿದ ಮೇಲೆ ಗಡ್ಡೆಯ ಗತಿಯೇನು? ಬರಿಯ ನೀರಿನಲ್ಲಿ ಅರಳಿದ ಗಡ್ಡೆ ತನ್ನ ಬುತ್ತಿಯನ್ನೆಲ್ಲ ಆ ಒಂದು ಹೂವಿಗೆ ಖರ್ಚು ಮಾಡಿರುತ್ತದೆ. ಹೀಗೆ ಅರಳಿಸಿದ ಟ್ಯೂಲಿಪ್ ಗಡ್ಡೆಯನ್ನು ಸಾಮಾನ್ಯವಾಗಿ ಎಸೆದುಬಿಡುತ್ತಾರೆ. ಕುಂಡದ ಮಣ್ಣಿನಲ್ಲಿ ಬೆಳೆದ ಡ್ಯಾಫೊಡಿಲ್ ಮತ್ತು ಹಯಸಿಂತುಗಳ ಎಲೆಗಳನ್ನು ಕೊಯ್ಯದೆ, ಅವು ತಾವಾಗಿ ಹಣ್ಣಾಗುವವರೆಗೆ ನೀರೂಡಿ, ಮುಂದೆ ತೋಟದ ನೆಲಕ್ಕೆ ಸೇರಿಸಿದರೆ, ಒಂದೆರಡು ವರ್ಷಗಳಲ್ಲಿ ಅವು ಚೇತರಿಸಿಕೊಂಡು ತಮ್ಮ ಕಾಲಕ್ಕೆ ಹೂಬಿಡಬಲ್ಲವು. ಆದರೆ ಆ ಒಂದೆರಡು ವರ್ಷ ಅವುಗಳಿಂದ ಏನನ್ನೂ ಬೇಡಬಾರದು. ಹೂವು ಬಾಡಿದ ಕುಂಡಕ್ಕೆ ನೀರೆರೆಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಗಡ್ಡೆಗೆ ನೋವಿಲ್ಲ, ಮನಸ್ಸಿಲ್ಲ. ಆದುದರಿಂದ ಅದನ್ನು ಎಸೆದುದರಲ್ಲಿ ಪಾಪವೇನು ಎಂದು ಕೇಳಬಹುದು. ಈ ಮಾತನ್ನು ನಾವು ಒಪ್ಪುತ್ತೇವೆ. ಗಡ್ಡೆಯ ಮೇಲಿನ ಕನಿಕರವನ್ನು ಅತಿಯಾಗಿ ಬೆಳೆಸಬೇಕಾಗಿಲ್ಲ. ಅವಶ್ಯಕತೆ ದೊಡ್ಡದಾದಾಗ ಗಡ್ಡೆ ಬಹು ಚಿಕ್ಕದು. ಎರಡನೆಯ ಮಹಾಯುದ್ಧದ ಕಾಲಕ್ಕೆ, ೧೯೪೪-೪೫ರ ಚಳಿಗಾಲದಲ್ಲಿ, ಜರ್ಮನರ ವಶದಲ್ಲಿದ್ದ ಪಶ್ಚಿಮ ಹಾಲೆಂಡಿನಲ್ಲಿ ಭೀಕರ ಕ್ಷಾಮ ಬಿದ್ದಿತು. ಸುಮಾರು ೨೦,೦೦೦ ಜನರು ಮಡಿದರು. ಆಗ ಅಲ್ಲಿಯವರು ಟ್ಯೂಲಿಪ್ ಗಡ್ಡೆಯ ನಡುವಣ ಹಳದಿ ಭಾಗವನ್ನು ತೆಗೆದುಹಾಕಿ ಉಳಿದುದನ್ನು ಬೇಯಿಸಿ ತಿಂದರು. (ವಿದ್ಯಾರ್ಥಿಗಳು ಇದನ್ನು ಅನುಕರಿಸತಕ್ಕದ್ದಲ್ಲ, ಡ್ಯಾಫೊಡಿಲ್ ಮತ್ತು ಹಯಸಿಂತ್ ಗಡ್ಡೆಗಳು ವಿಷಕರವಾದುವು.) ಆ ಜನರನ್ನು ಯಾರು ತಪ್ಪುಗಾರರೆನ್ನುವರು? ಅಂತೆಯೇ, ವಸಂತವನ್ನು ಕಾಣುವ ಭರವಸೆಯಿಲ್ಲದ ರೋಗಿಯೊಬ್ಬನ ಹಾಸಿಗೆಯ ಬಳಿಯಲ್ಲಿ ಜನವರಿಯಲ್ಲಿಯೇ ಒಂದು ಹಯಸಿಂತ್ ಅರಳಿದರೆ, ಆ ಗಡ್ಡೆ ತೀರಿಹೋದುದು ಸಾರ್ಥಕವೆಂದೇ ನಾವು ಹೇಳುವೆವು.

ಹಾಗಾದರೆ ಕೇಳಬೇಕಾದ ಪ್ರಶ್ನೆಗಳು ಮೂರು. ಚಳಿಗಾಲ ಯಾರದು? ಖರ್ಚಾಗುವುದು ಯಾರು? ಹೂವು ಬಾಡಿದ ಮೇಲೆ ನೀರೆರೆಯುವವರು ಉಂಟೋ ಇಲ್ಲವೋ? ಗಡ್ಡೆಯ ವಿಷಯದಲ್ಲಿ ಈ ಪ್ರಶ್ನೆಗಳನ್ನು ಮರೆತರೆ ಹೆಚ್ಚಿನ ಹಾನಿಯಿಲ್ಲ. ಆದರೆ ಮರೆಯುವುದು ಅಭ್ಯಾಸವಾದರೆ, ಅದು ಗಡ್ಡೆಯ ಬಳಿಯಲ್ಲಿಯೇ ನಿಲ್ಲುವುದಿಲ್ಲ. ನೋವೂ ಮನಸ್ಸೂ ಉಳ್ಳ ಕೂಸಿನ ಬಳಿಗೂ ಬರುತ್ತದೆ.

ನಮ್ಮ ಶಾಲೆಗಳನ್ನು ನೋಡೋಣ. ತಪಾಸಣೆಗೆ ಅಧಿಕಾರಿಗಳು ಬರುವರೆಂದರೆ, ಅಕ್ಷರವೇ ಕೂಡದ ಮಗುವಿನಿಂದ ಪಾಠವನ್ನು ಬಾಯಿಪಾಠ ಹೇಳಿಸುತ್ತೇವೆ. ಬೆರಳು ಮಡಿಚಿ ಕೂಡಿಸಲು ಬಾರದ ಮಗುವಿನಿಂದ ಇಪ್ಪತ್ತರ ಮಗ್ಗಿಯವರೆಗೆ ಹೇಳಿಸುತ್ತೇವೆ. ವಾರ್ಷಿಕೋತ್ಸವದ ದಿನ ಆರು ವರ್ಷದ ಕೂಸು ದೊಡ್ಡವರು ಬರೆದುಕೊಟ್ಟ ಭಾಷಣವನ್ನು ಒಪ್ಪಿಸುತ್ತದೆ. ಸಭೆ ಚಪ್ಪಾಳೆ ತಟ್ಟುತ್ತದೆ. ಆ ಹೂವು ದಂಟಿಲ್ಲದ ಹೂವು. ಇಲ್ಲಿ ಚಳಿಗಾಲ ಮಗುವಿನದಲ್ಲ; ಹೆಸರು ಬೇಕಾದುದು ಶಾಲೆಗೆ, ಹೆಮ್ಮೆ ಬೇಕಾದುದು ಮನೆಯವರಿಗೆ. ಖರ್ಚಾದುದು ಮಾತ್ರ ಮಗುವಿನ ಬುತ್ತಿ. ಮಾರನೆಯ ದಿನ ಆ ಮಗುವನ್ನು ವಿಚಾರಿಸುವವರಿಲ್ಲ.

ಇದಕ್ಕೆ ಎದುರಾಗಿ ಒಂದು ಬಲವಾದ ಮಾತುಂಟು. ನಮ್ಮ ಭಾಗದಲ್ಲಿ ಕೆಲವು ಮಕ್ಕಳು ಜೂನ್ ತಿಂಗಳಲ್ಲಿ ಶಾಲೆಗೆ ಬಂದು, ದೀಪಾವಳಿಯ ಸುಮಾರಿಗೆ ತಂದೆತಾಯಿಗಳೊಡನೆ ಕಬ್ಬು ಕಡಿಯುವ ಕೆಲಸಕ್ಕೆ ಊರು ಬಿಡುತ್ತಾರೆ. ಕಾರ್ಖಾನೆಯ ಹಂಗಾಮು ಮುಗಿಯುವಾಗ ವರ್ಷವೇ ಮುಗಿಯಬಂದಿರುತ್ತದೆ. ಅಂತಹ ಮಗುವಿನೆದುರು ನಿಂತು, ಪ್ರತಿಯೊಂದಕ್ಕೂ ತನ್ನ ಕಾಲವುಂಟು, ಕಾಯೋಣ ಎಂದು ಹೇಳುವ ಶಿಕ್ಷಕನು ತತ್ತ್ವವನ್ನು ಹೇಳುತ್ತಿಲ್ಲ, ಸೋಮಾರಿತನವನ್ನು ಮುಚ್ಚುತ್ತಿದ್ದಾನೆ. ಇಲ್ಲಿ ಚಳಿಗಾಲವು ನಿಜವಾಗಿಯೂ ಮಗುವಿನದೇ. ಇರುವ ನಾಲ್ಕೈದು ತಿಂಗಳಲ್ಲಿ ಓದು, ಬರಹ, ಕೂಲಿಯ ಲೆಕ್ಕ ಇವನ್ನು ಆ ಕೈಗೆ ಕೊಡಲು ಅವಸರ ಮಾಡುವುದು ನ್ಯಾಯ. ಆದರೆ ಆ ಅವಸರವೂ ಬೇರಿನಿಂದಲೇ ತೊಡಗಬೇಕು. ಬೆಳಗಿನ ಗಂಟೆಗೆ ಮೊದಲು ಅರ್ಧ ತಾಸು ಹೆಚ್ಚು ಕೂಡಿಸಿಕೊಳ್ಳಬಹುದು. ಅಕ್ಷರ ಕೂಡುವ ಮೊದಲೇ ಪದ್ಯ ಒಪ್ಪಿಸಲು ಹೇಳಬಾರದು. ಮತ್ತು ಮಾರ್ಚ್-ಏಪ್ರಿಲಿನಲ್ಲಿ ಬಿಸಿಲಿಗೆ ಕಂದಿ ಹಿಂದಿರುಗಿದ ಮಗು ಕಲಿತುದನ್ನು ಮರೆತಿದ್ದರೆ, ಅದನ್ನು ದಡ್ಡನೆಂದು ಹಿಂದಿನ ಸಾಲಿಗೆ ದಬ್ಬದೆ ಮತ್ತೆ ಮೊದಲಿನಿಂದ ತೊಡಗಬೇಕು. ಅದುವೇ ಬಾಡಿದ ಕುಂಡಕ್ಕೆ ನೀರೆರೆಯುವ ಕೆಲಸ.

ನಮ್ಮ ರೈತನು ಈ ವಿವೇಕವನ್ನು ಬಲ್ಲವನು. ಉಳ್ಳಾಗಡ್ಡೆಯ ಬೀಜ ಬೇಕಾದವನು ಒಳ್ಳೆಯ ಗಡ್ಡೆಗಳನ್ನು ಮಾರದೆ ಎತ್ತಿಟ್ಟು, ಚಳಿಗೆ ಮೊದಲು ಮತ್ತೆ ನೆಲದಲ್ಲಿ ನೆಡುತ್ತಾನೆ. ಚಳಿ ತಗುಲಿದ ಮೇಲೆ ಅವು ದಂಟೆತ್ತಿ ತುದಿಯಲ್ಲಿ ಬಿಳಿಯ ಹೂಗೊಂಚಲು ಬಿಡುತ್ತವೆ. ಬೇಸಿಗೆಗೆ ಬೀಜ ಬಲಿಯುತ್ತದೆ. ಅಲ್ಲಿಯೂ ಗಡ್ಡೆ ತೀರಿಹೋಗುತ್ತದೆ. ಆದರೆ ಮುಂದಿನ ಬೆಳೆಗಾಗಿ ತೀರಿಹೋಗುತ್ತದೆ.

ಆದುದರಿಂದ ಅಕಾಲದಲ್ಲಿ ಹೂವನ್ನು ಅರಳಿಸುವುದು ತಪ್ಪೆಂದು ನಾವು ಹೇಳುವುದಿಲ್ಲ. ಕತ್ತಲೆಯಲ್ಲಿರುವವರಿಗೆ ಬೆಳಕು ಬೇಗ ದೊರೆಯುವುದು ಒಳ್ಳೆಯದೇ. ಕತ್ತಲೆಯ ವಾರಗಳನ್ನು ಕದಿಯದೆ, ಮತ್ತೊಬ್ಬರ ಬುತ್ತಿಯನ್ನು ನಮ್ಮ ಮೆರವಣಿಗೆಗೆ ಖರ್ಚುಮಾಡದೆ, ಹೂವು ಹೋದ ಮೇಲೂ ಎಲೆಯನ್ನು ಕಾಯುವವರಿಗೆ ಆ ಅಧಿಕಾರವುಂಟು. ಬರುವ ವಾರ್ಷಿಕೋತ್ಸವಕ್ಕೆ ಮಕ್ಕಳನ್ನು ಆಯ್ದುಕೊಳ್ಳುವ ಮುನ್ನ ಶಿಕ್ಷಕ ಬಂಧುಗಳು ಈ ಮೂರು ಪ್ರಶ್ನೆಗಳನ್ನು ಒಮ್ಮೆ ತಮ್ಮೊಳಗೆ ಕೇಳಿಕೊಳ್ಳಲೆಂಬುದೇ ನಮ್ಮ ವಿನಂತಿ.