ವಿಲನ್‌ನ ಊರು

‘ವಿಲನ್’ ಎಂದರೆ ಯಾರೆಂದು ಕನ್ನಡಿಗರಿಗೆ ವಿವರಿಸಬೇಕಿಲ್ಲ. ಸಿನಿಮಾದ ಕೊನೆಯಲ್ಲಿ ನಾಯಕನಿಂದ ಒದೆ ತಿನ್ನುವವನು. ಆದರೆ ಆ ಪದದ ಬೇರು ಹುಡುಕುತ್ತಾ ಹೋದರೆ ಎದುರಾಗುವವನು ಕೇಡಿಗನಲ್ಲ, ಒಬ್ಬ ಬಡ ಒಕ್ಕಲಿಗ. ಲ್ಯಾಟಿನ್ನಿನಲ್ಲಿ ‘ವಿಲ್ಲಾ’ ಎಂದರೆ ಹಳ್ಳಿಯ ಜಮೀನು, ಅಲ್ಲಿನ ಮನೆ. ಅಲ್ಲಿ ದುಡಿಯುವವನು ‘ವಿಲ್ಲಾನುಸ್’. 1086ರಲ್ಲಿ ಇಂಗ್ಲೆಂಡಿನ ದೊರೆ ವಿಲಿಯಂ ಮಾಡಿಸಿದ ಜಮೀನು ಲೆಕ್ಕದ ‘ಡೂಮ್ಸ್‌ಡೇ ಬುಕ್’ನಲ್ಲಿ ಎಲ್ಲರಿಗಿಂತ ದೊಡ್ಡ ಸಂಖ್ಯೆಯಲ್ಲಿರುವ ಹಳ್ಳಿಗರು ಇವರೇ. ಅಲ್ಲಿ ಅದು ಬೈಗುಳವಲ್ಲ, ಒಂದು ದರ್ಜೆಯ ಹೆಸರು. ಮುಂದೆ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಅದೇ ಪದ ಮೊದಲು ಒರಟ, ಆಮೇಲೆ ನೀಚ, ಕೊನೆಗೆ ದುಷ್ಟ ಎಂದಾಯಿತು.

ಇದು ಅವನೊಬ್ಬನ ಪಾಡಲ್ಲ. ಇಂಗ್ಲಿಷಿನಲ್ಲಿ ನಡತೆಗೆಟ್ಟವನನ್ನು ಕರೆಯುವ ‘ಬೂರ್’ ಎಂಬುದು ಡಚ್ಚರಲ್ಲಿ ರೈತನ ಹೆಸರು. ಇತ್ತ ‘ಜೆಂಟಲ್’ ಎಂದರೆ ಮೊದಲು ಒಳ್ಳೆಯ ಮನೆತನದಲ್ಲಿ ಹುಟ್ಟಿದವನು. ಮೃದು ಸ್ವಭಾವ ಆಮೇಲೆ ಬಂದದ್ದು. ‘ನೈಟ್’ ಮತ್ತು ‘ನೇವ್’ ಎರಡಕ್ಕೂ ಹಳೆಯ ಇಂಗ್ಲಿಷಿನಲ್ಲಿ ‘ಹುಡುಗ’ ಎಂಬ ಅರ್ಥವಿತ್ತು. ದೊರೆಯ ಪಕ್ಕದಲ್ಲಿ ಕುದುರೆ ಏರಿದವನು ವೀರನಾದ, ಆಳಾಗಿಯೇ ಉಳಿದವನು ವಂಚಕನಾದ. ಸ್ಥಾನದ ಪದಗಳು ಹೀಗೆ ಗುಣದ ಪದಗಳಾಗುವುದನ್ನು ಸಿ. ಎಸ್. ಲೂಯಿಸ್ 1960ರಲ್ಲಿ ಬಂದ ‘ಸ್ಟಡೀಸ್ ಇನ್ ವರ್ಡ್ಸ್’ ಪುಸ್ತಕದಲ್ಲಿ ಚರ್ಚಿಸಿದ್ದಾರೆ.

ಹಾಗಾದರೆ ‘ವಿಲನ್’ ಎಂದಾಗಲೆಲ್ಲ ನಾನು ರೈತನನ್ನು ಹಳಿಯುತ್ತಿದ್ದೇನೆಯೇ? ನನಗೆ ಹಾಗನ್ನಿಸುವುದಿಲ್ಲ. ಪದದ ಅರ್ಥ ಇರುವುದು ಇಂದಿನ ಬಳಕೆಯಲ್ಲಿ. ಆಡುವವನಿಗೂ ಕೇಳುವವನಿಗೂ ನೆನಪಿಲ್ಲದ ತಿರಸ್ಕಾರದ ಹೊಣೆಯನ್ನು ಈಗ ಯಾರ ಮೇಲೂ ಹೊರಿಸಲಾಗದು. ಮುತ್ತಜ್ಜನ ಸಾಲಕ್ಕೆ ಮರಿಮಗನನ್ನು ಜಪ್ತಿ ಮಾಡಿದಂತಾದೀತು.

ಆದರೆ ಇಷ್ಟಕ್ಕೇ ಸಮಾಧಾನಪಟ್ಟುಕೊಳ್ಳಲು ನನ್ನ ಭಾಷೆ ಬಿಡುವುದಿಲ್ಲ. ಸಂಸ್ಕೃತ ಕಾವ್ಯಮೀಮಾಂಸೆಯಲ್ಲಿ ‘ಗ್ರಾಮ್ಯ’ ಎಂಬುದು ಒಂದು ದೋಷ. ನಗರದಿಂದ ಬಂದ ‘ನಾಗರಿಕ’ ಹೊಗಳಿಕೆ. ‘ಗಮಾರ’ನ ಬೇರಿನಲ್ಲೂ ಇರುವುದು ಗ್ರಾಮವೇ. ವಿಲನ್ ತನ್ನ ಊರನ್ನು ಮರೆತಿದ್ದಾನೆ. ಗಮಾರನಿಗೆ ಮರೆಯಲು ನಾವು ಬಿಟ್ಟಿಲ್ಲ. ‘ಹಳ್ಳಿ ಗಮಾರ’ ಎಂದು ಊರನ್ನು ಮುಂದಿಟ್ಟೇ ಬೈಯುತ್ತೇವೆ. ಆ ಮಾತು ಕಿವಿಗೆ ಬಿದ್ದಾಗ ಹಳ್ಳಿಯಿಂದ ಕಾಲೇಜಿಗೆ ಬಂದ ಹುಡುಗನೊಬ್ಬ ತನ್ನ ಉಚ್ಚಾರಣೆ ನೆನೆದು ಬಾಯಿ ಮುಚ್ಚಿಕೊಳ್ಳುತ್ತಾನೆ.

ಪದವೊಂದರ ನೈತಿಕತೆಯನ್ನು ಅಳೆಯಲು ನಿಘಂಟು ಸಾಲದು. ಅದನ್ನು ಕೇಳಿ ಈಗಲೂ ಯಾರಾದರೂ ತಲೆ ತಗ್ಗಿಸುತ್ತಾರೆಯೇ ಎಂದು ನೋಡಬೇಕು. ನಮ್ಮ ಹೊಣೆ ಶುರುವಾಗುವುದು ಅಲ್ಲಿಂದ. ಡೂಮ್ಸ್‌ಡೇ ಪುಸ್ತಕದಲ್ಲಿ ಎಣಿಸಲ್ಪಟ್ಟ ರೈತರು ತಮ್ಮ ಹೆಸರು ಬೈಗುಳವಾಗುವುದನ್ನು ತಡೆಯಲಾಗಲಿಲ್ಲ. ಬರೆಯುವ ಲೇಖನಿ ಅವರ ಕೈಯಲ್ಲಿರಲಿಲ್ಲ. ಇಂದು ಓದುವ ಬರೆಯುವ ನಮಗೆ ಆ ನೆಪವಿಲ್ಲ.