ಸಂಶಯಿಸಬಲ್ಲ ಸೈನಿಕ

ಅಮೆರಿಕದಲ್ಲಿ 1916ರಿಂದ ಇರುವ, ಕಾಲೇಜಿನಲ್ಲೇ ಸೇನಾಧಿಕಾರಿಗಳನ್ನು ರೂಪಿಸುವ ಆರ್‌ಒಟಿಸಿ ವ್ಯವಸ್ಥೆಯಲ್ಲಿ ವಿದ್ಯಾರ್ಥಿ ಬೆಳಗ್ಗೆ ಕವಾಯತು ಮಾಡಿ ಮಧ್ಯಾಹ್ನ ನೀತಿಶಾಸ್ತ್ರದ ತರಗತಿಯಲ್ಲಿ ಕೂರಬಹುದು. ಆಜ್ಞಾಪಾಲನೆ, ಸಂಶಯ ಎರಡನ್ನೂ ಒಂದೇ ಮನಸ್ಸು ಕಲಿಯಬಲ್ಲದೇ? ಕಲಿಯಲೇಬೇಕು ಎಂಬುದು ನನ್ನ ವಾದ. ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೆಯ ನಂತರ ‘ಮೇಲಿನವರ ಆಜ್ಞೆ’ ಎಂಬ ಸಮಜಾಯಿಷಿ ಅಪರಾಧಿಯನ್ನು ಕಾಯುವುದಿಲ್ಲ. 1968ರಲ್ಲಿ ವಿಯೆಟ್ನಾಂನ ಮೈ ಲಾಯ್‌ನಲ್ಲಿ ತನ್ನದೇ ಅಮೆರಿಕನ್ ಸೇನೆ ಹಳ್ಳಿಗರನ್ನು ಕೊಲ್ಲುತ್ತಿದ್ದಾಗ ಹೆಲಿಕಾಪ್ಟರ್ ಇಳಿಸಿ ಅಡ್ಡ ನಿಂತ ಹ್ಯೂ ಥಾಂಪ್ಸನ್ ಕೂಡ ಸೈನಿಕನೇ. ಆ ವಿವೇಕ ಕಾಲೇಜಿನ ಕೊಡುಗೆ ಎನ್ನಲಾಗದು, ನಿಜ. ಓದಿದವರೆಲ್ಲ ಒಳ್ಳೆಯವರಾಗಿದ್ದರೆ ಜಗತ್ತು ಬೇರೆಯೇ ಇರುತ್ತಿತ್ತು. ಆದರೆ ಸಂಶಯಕ್ಕೂ ಅಭ್ಯಾಸ ಬೇಕು. ಅರ್ಜುನನಿಗೆ ಪಕ್ಕದಲ್ಲೇ ಕೃಷ್ಣನಿದ್ದ, ಅವನ ಪ್ರಶ್ನೆ ಮುಗಿಯುವವರೆಗೆ ಯುದ್ಧವೂ ಕಾದಿತ್ತು. ಇಂದಿನ ಲೆಫ್ಟಿನೆಂಟನಿಗೆ ಆ ಬಿಡುವಿಲ್ಲ.

ವಿದ್ಯಾಲಯದಲ್ಲಿ ಯುದ್ಧಕ್ಕೇನು ಕೆಲಸ ಎಂಬ ಆಕ್ಷೇಪ ಹಳೆಯದು. 1969ರ ಪ್ರತಿಭಟನೆಗಳ ಬಳಿಕ ಹಾರ್ವರ್ಡ್‌ನಿಂದ ಹೊರಬಿದ್ದ ಈ ತರಬೇತಿಗೆ ಅಲ್ಲಿ ಮತ್ತೆ ಮನ್ನಣೆ ಸಿಕ್ಕಿದ್ದು 2011ರಲ್ಲಿ. ಹೊರಹಾಕಿದರೆ ಸೇನೆ ಇಲ್ಲವಾಗುವುದಿಲ್ಲ, ಅದನ್ನು ಪ್ರಶ್ನಿಸುವವರ ಒಡನಾಟ ಮಾತ್ರ ತಪ್ಪುತ್ತದೆ. ನನಗೆ ಗಟ್ಟಿಯಾಗಿ ಕಾಣುವ ಆಕ್ಷೇಪ, ಸೇನಾ ಸೇವೆಯ ಕರಾರಿನ ಮೇಲೆ ಸಿಗುವ ವಿದ್ಯಾರ್ಥಿವೇತನದ್ದು: ಶುಲ್ಕ ಕಟ್ಟಲಾಗದವನ ಒಪ್ಪಿಗೆ ಎಷ್ಟು ಸ್ವತಂತ್ರ? ಮೊದಲ ವರ್ಷದ ಕೊನೆಗೆ ಋಣವಿಲ್ಲದೆ ಹೊರನಡೆಯುವ ಅವಕಾಶವೇನೋ ಇದೆ. ಮುಂದಿನ ವರ್ಷದ ಶುಲ್ಕ ಯಾರು ಕಟ್ಟಬೇಕು ಎಂಬುದಕ್ಕೆ ಆ ನಿಯಮದಲ್ಲಿ ಉತ್ತರವಿಲ್ಲ.