ಸಾಕಿದ ಕೈ, ಮಾರುವ ಕೈ

ನಮ್ಮ ಸಾಂಗಲಿ ಜಿಲ್ಲೆಯ ಜತ್ತ ತಾಲೂಕು ಕನ್ನಡಿಗರು ನೆಲೆಸಿದ ಬರದ ಸೀಮೆ. ಅಲ್ಲಿನ ಮಾಡಗ್ಯಾಳ ಗ್ರಾಮದ ಹೆಸರನ್ನೇ ಹೊತ್ತ ಕುರಿತಳಿಯು ಉಬ್ಬುಮೂಗಿಗೂ ಶೀಘ್ರ ಬೆಳವಣಿಗೆಗೂ ಪ್ರಸಿದ್ಧ. ಮಳೆ ಕೈಕೊಟ್ಟ ವರುಷ ಒಕ್ಕಲು ಮನೆಗೆ ಕುರಿಮರಿಯೇ ಆಸರೆ. ಮಗುವಿನಂತೆ ಸಲಹಿದ ಮರಿಯನ್ನು ಸಂತೆಯಲ್ಲಿ ಕಟುಕನಿಗೊಪ್ಪಿಸುವುದು ಧರ್ಮವೇ? ಈ ಪ್ರಶ್ನೆ ಸಾಕಿದವರನ್ನು ಸುಡುತ್ತದೆ. ಮಿರಜಿನ ಪೇಟೆಯಲ್ಲಿ ಮಾಂಸವನ್ನಷ್ಟೇ ಕಾಣುವವರನ್ನು ತಟ್ಟುವುದಿಲ್ಲ. ಪ್ರಾಣಿಯ ಮುಖ ಕಾಣದ ಮಾತ್ರಕ್ಕೆ ಯಾರೂ ನಿರ್ದೋಷಿಗಳಾಗರು. ಮಾರುವವನಷ್ಟೇ ಹೊಣೆ ಉಣ್ಣುವವನದೂ ಹೌದು. ಸಾಗಿಸುವಾಗ ಮೂಕಜೀವಿಗೆ ನೀರು, ನೆರಳು. ಸಾಕಿದವರಿಗೆ ಕಣ್ಣಂದಾಜಿನ ಬದಲು ತೂಕದ ಬೆಲೆ: ಇಷ್ಟನ್ನಾದರೂ ಬಯಸುವುದು ದಯೆಯ ಮೊದಲ ಮೆಟ್ಟಿಲು. ಮಾಂಸ ಮುಟ್ಟದವರೂ ಆ ಮನೆಯ ಪಾಪವನ್ನು ತೂಗುವ ಮುನ್ನ ಅದರ ಬರವನ್ನು ತೂಗಬೇಕೆಂದು ನಾವು ಭಾವಿಸುತ್ತೇವೆ.